ಜರ್ಮನಿ ಲೆನ್ಸು, ಚೀನಾ ಲೆನ್ಸು ಮತ್ತು ಅವ್ವ

ನಾನು ಡ್ರಾಯಿಂಗ್ ಮೇಷ್ಟ್ರಾಗಿ ಮೊದಲು ಸೇರಿದ್ದು ಕನಕಪುರದ ಒಂದು ಶಾಲೆಗೆ. ಅದರ ಎದುರಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಎರಡು ವರ್ಷದ ಹಿಂದೆ ಅದರ ಯಜಮಾನರು ಸ್ಟುಡಿಯೋ ಮುಚ್ಚಿ ಅದೇ ಜಾಗದಲ್ಲಿ ಜೆರಾಕ್ಸ್ ಅಂಗಡಿ ಹಾಕಿದರು. ಸಾಮಾನು ಖಾಲಿ ಮಾಡುವ ದಿನ ನನಗೆ ಫೋನ್ ಮಾಡಿ ಕರೆಸಿಕೊಂಡು, ಫೋಟೋಕ್ಕೆ ಕೂತವರ ಹಿಂದೆ ನೇತುಹಾಕುತ್ತಿದ್ದ ಜಲಪಾತದ ಪರದೆ ಬೇಕಾ ಎಂದು ಕೇಳಿದರು. ನಮ್ಮ ಮನೆಯಲ್ಲಿ ಅಷ್ಟು ದೊಡ್ಡ ಗೋಡೆ ಇಲ್ಲ ಅಂದೆ. ಆಗ ಅವರು ಬೀರುವಿನ ತಳದಿಂದ ಒಂದು ಚರ್ಮದ ಚೀಲ ಎಳೆದು ನನ್ನ ಕೈಗಿಟ್ಟರು. ಮನೆಗೆ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದು ಎನ್ನುವ ಹಾಗೆ.

ಚೀಲದೊಳಗೆ ಇದ್ದದ್ದು ಒಂದು ರೇಂಜ್‌ಫೈಂಡರ್ ಕ್ಯಾಮೆರಾ. ಈಗಿನವರಿಗೆ ಇದು ಗೊತ್ತಿರಲಾರದು. ರೀಲು ಹಾಕುವ ಕ್ಯಾಮೆರಾ. ಇದರಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಮೇಲಿನ ಮೂಲೆಯಲ್ಲಿರುವ ಒಂದು ಪುಟ್ಟ ಕಿಟಕಿಯಿಂದ ನೋಡುತ್ತೇವೆ. ಕಿಟಕಿಯ ನಡುವೆ ಒಂದು ಹಳದಿ ಚೌಕ. ಆ ಚೌಕದಲ್ಲಿ ಎದುರಿಗಿರುವವರ ಮೂಗು ಎರಡೆರಡು ಕಾಣುತ್ತದೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಎರಡು ಮೂಗನ್ನೂ ಒಂದರ ಮೇಲೊಂದು ಕೂರಿಸಿದರೆ ಫೋಕಸ್ ಆಯಿತು ಎಂದು ಅರ್ಥ. ಕ್ಯಾಮೆರಾದ ಮೈ ಗಟ್ಟಿಮುಟ್ಟಾಗಿತ್ತು, ಗುಂಡಿ ಒತ್ತಿದರೆ ಎಲೆ ಮುರಿದಷ್ಟೇ ಸದ್ದು. ಆದರೆ ಲೆನ್ಸಿನೊಳಗೆ ಬೂಷ್ಟು ಹಿಡಿದು ಜೇಡರ ಬಲೆಯಂತೆ ಹಬ್ಬಿತ್ತು. ಬೇರೆ ಲೆನ್ಸ್ ಹಾಕಿಕೊಂಡರೆ ಇದು ನಿಮ್ಮನ್ನು ಮಣ್ಣು ಮಾಡಿದ ಮೇಲೂ ಓಡ್ತದೆ ಎಂದು ಅವರು ಆಶೀರ್ವಾದ ಮಾಡಿ ಕಳಿಸಿದರು.

ಅಲ್ಲಿಂದ ನನ್ನ ಕಷ್ಟ ಶುರುವಾಯಿತು. ಆ ಕ್ಯಾಮೆರಾಕ್ಕೆ ಕೂರುವ ಲೆನ್ಸುಗಳಲ್ಲಿ ಎರಡು ಜಾತಿ. ಒಂದು ಜರ್ಮನಿಯದು, ಅದರ ಬೆಲೆಗೆ ಎರಡು ಸ್ಕೂಟರ್ ಬರುತ್ತವೆ. ಇನ್ನೊಂದು ಚೀನಾದ್ದು, ಅದರ ಬೆಲೆಗೆ ಒಂದು ಸಾಧಾರಣ ಫ್ರಿಜ್ಜು. ಈ ಲೆಕ್ಕ ನನ್ನದಲ್ಲ, ನನ್ನ ಹೆಂಡತಿಯದು. ಅವಳು ಅಂಗನವಾಡಿ ಕಾರ್ಯಕರ್ತೆ, ಯಾವುದನ್ನೇ ಆಗಲಿ ಕಣ್ಣಿಗೆ ಕಾಣುವ ವಸ್ತುವಿನಿಂದ ಅಳೆದು ಹೇಳುವುದು ಅವಳ ಅಭ್ಯಾಸ. ನಮ್ಮ ಮನೆಯಲ್ಲಿ ಸ್ಕೂಟರ್ ಒಂದೇ ಇತ್ತು, ಅದೂ ಅವಳದು. ಬೈರಮಂಗಲದ ಹತ್ತಿರವಿರುವ ಈಗಿನ ಶಾಲೆಗೆ ನಾನು ರಾಮನಗರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಆರು ತಿಂಗಳು ನಾನು ಫೋನಿನಲ್ಲಿ ಲೆನ್ಸುಗಳ ಬಗ್ಗೆ ಓದಿದೆ. ಬಸ್ಸಿನಲ್ಲಿ ಓದಿದೆ, ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳು ಬರೆಯುತ್ತಿರುವಾಗ ಕದ್ದು ಓದಿದೆ. ಜರ್ಮನಿ ಲೆನ್ಸಿನಲ್ಲಿ ತೆಗೆದ ಚಿತ್ರಕ್ಕೆ ಒಂದು 'ಜೀವ' ಇರುತ್ತದೆ ಎಂದು ಎಲ್ಲೋ ಒಬ್ಬ ಬರೆದಿದ್ದ. ಅದೆಲ್ಲ ಭ್ರಮೆ, ದುಡ್ಡು ಸುರಿದವನಿಗೆ ಕಾಣುವ ಜೀವ ಎಂದು ಇನ್ನೊಬ್ಬ ಬರೆದಿದ್ದ. ಇಬ್ಬರೂ ಒಂದೇ ಬೆಕ್ಕಿನ ಚಿತ್ರವನ್ನು ಸಾಕ್ಷಿಗೆ ಹಾಕಿದ್ದರು. ಒಂದು ಡ್ರಾಯಿಂಗ್ ಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಜರ್ಮನಿ, ಬಲಕ್ಕೆ ಚೀನಾ ಎಂದು ಬರೆದು, ಗುಣದೋಷ ಪಟ್ಟಿ ಮಾಡಿದೆ. ಪಟ್ಟಿ ಬೆಳೆಯುತ್ತ ಹೋಯಿತು, ತೀರ್ಮಾನ ಮಾತ್ರ ಆಗಲಿಲ್ಲ.

ಈ ವಿಷಯದಲ್ಲಿ ನನ್ನ ಜೊತೆ ಮಾತಾಡಲು ಇಡೀ ಊರಿನಲ್ಲಿ ಇದ್ದದ್ದು ಒಬ್ಬನೇ ಮನುಷ್ಯ. ನಮ್ಮ ಬೀದಿಯ ಕೊನೆಯಲ್ಲಿ ರೇಷ್ಮೆಗೂಡಿನಿಂದ ನೂಲು ತೆಗೆಯುವ ಘಟಕ ಇಟ್ಟುಕೊಂಡಿರುವ ರೀಲರ್. ನಾನು ಅವನನ್ನು ಭಾಯಿ ಎನ್ನುತ್ತೇನೆ, ಅವನು ನನ್ನನ್ನು ಮೇಷ್ಟ್ರೇ ಎನ್ನುತ್ತಾನೆ. ಕೂದಲಿಗಿಂತ ಸಣ್ಣ ಎಳೆಯನ್ನು ಬೆಳಗಿನಿಂದ ಸಂಜೆಯವರೆಗೆ ನೋಡುವ ಕಣ್ಣು ಅವನದು, ಹಾಗಾಗಿ ಚಿತ್ರದ ಸೂಕ್ಷ್ಮ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಳ್ಳೆಯ ಮಾಲಿಗೂ ಸುಮಾರು ಮಾಲಿಗೂ ವ್ಯತ್ಯಾಸ ಇದ್ದೇ ಇರುತ್ತದೆ, ಇಲ್ಲದಿದ್ದರೆ ಗೂಡಿನ ಮಾರುಕಟ್ಟೆಯಲ್ಲಿ ನಾವೆಲ್ಲ ಯಾಕೆ ಬಡಿದಾಡುತ್ತೇವೆ ಎನ್ನುವುದು ಅವನ ವಾದ. ಅವನದು ಜರ್ಮನಿ ಪಕ್ಷ. ನನ್ನ ಹೆಂಡತಿಯದು ಚೀನಾ ಪಕ್ಷ. ದಿನಾ ಸಂಜೆ ಅವನಿಗೆ ಫೋನ್ ಮಾಡಿ, ಜಗಲಿಯಲ್ಲಿ ಅಡ್ಡಾಡುತ್ತ, ಜೋರಾಗಿ ನಾನು ಇದನ್ನೇ ಚರ್ಚಿಸುತ್ತಿದ್ದೆ. ಜರ್ಮನಿಯದು ಜೀವನಪೂರ್ತಿ ಬರುತ್ತದೆ ಭಾಯಿ, ಆದರೆ ಮನೆಯಲ್ಲಿ ಚೀನಾದ್ದೇ ಸಾಕು ಅಂತಾಳೆ, ಏನು ಮಾಡೋದು ಹೇಳು.

ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ನನ್ನ ಅವ್ವ ಅವರೆಕಾಯಿ ಬಿಡಿಸುತ್ತ ಕೂತಿರುತ್ತಿದ್ದಳು.

ಅವ್ವ ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದ ಕಡೆಯವಳು. ಅಪ್ಪ ಹೋದ ಮೇಲೆ ನಮ್ಮ ಜೊತೆಗೇ ಇದ್ದಾಳೆ. ಕೆಲವು ವರ್ಷದಿಂದ ಮಂಜಾಗುತ್ತಿದ್ದ ಅವಳ ಕಣ್ಣು ಆ ವರ್ಷ ತೀರಾ ಮಂಜಾಗಿತ್ತು. ಒಂದು ದಿನ ಹಿತ್ತಲಿನ ಹಗ್ಗದ ಮೇಲೆ ಒಣಗಲು ಹಾಕಿದ್ದ ನನ್ನ ಶರ್ಟನ್ನು ನಾನೇ ಎಂದುಕೊಂಡು, ಬಿಸಿಲಲ್ಲಿ ನಿಂತುಕೊಂಡು ಏನು ಮಾಡುತ್ತೀಯೆ, ಬಂದು ಉಣ್ಣು ಎಂದು ಎರಡು ಸಲ ಕರೆದಳು. ಶರ್ಟು ಅಲುಗಾಡಿತೇ ಹೊರತು ಬರಲಿಲ್ಲ. ಈಗಿನ ಕಾಲದ ಮಕ್ಕಳಿಗೆ ತಾಯಿಯ ಮಾತೆಂದರೆ ಅಷ್ಟೇ ಎಂದು ಬೈದುಕೊಂಡಳು. ನಾವು ನಕ್ಕೆವು, ಅವಳೂ ನಕ್ಕಳು. ಅದಕ್ಕೂ ಕೆಲವು ದಿನ ಮೊದಲೇ ಬಡಾವಣೆಯ ಸಮುದಾಯ ಭವನದಲ್ಲಿ ನಡೆದ ಕಣ್ಣಿನ ತಪಾಸಣೆಗೆ ಹೆಂಡತಿ ಅವಳನ್ನು ಕರೆದುಕೊಂಡು ಹೋಗಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಪೊರೆ ತೆಗೆದು ಲೆನ್ಸ್ ಹಾಕಬೇಕು ಎಂದು ಒಂದು ಚೀಟಿ ಬರೆದುಕೊಟ್ಟಿದ್ದರು. ಹೆಂಡತಿ ಆ ಚೀಟಿಯನ್ನು ನನ್ನ ಕೈಗೇ ಕೊಟ್ಟಳು. ಆ ಭಾನುವಾರವೇ ಹೋಗೋಣ ಎಂದು ಹೇಳಿ ನಾನು ಅದನ್ನು ಎಲ್ಲಿಟ್ಟೆನೆಂದರೆ, ಡ್ರಾಯಿಂಗ್ ಪುಸ್ತಕದಲ್ಲಿ, ಜರ್ಮನಿ ಮತ್ತು ಚೀನಾದ ಪುಟಕ್ಕೆ ಗುರುತಾಗಿ.

ಆ ಭಾನುವಾರ ಹೋಯಿತು. ಅದರ ಮುಂದಿನದೂ ಹೋಯಿತು. ಆಮೇಲೆ ನೆನಪೇ ಹೋಯಿತು. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಕೊನೆಗೆ ಭಾಯಿಯೇ ದಾರಿ ತೋರಿಸಿದ. ಅವನ ಭಾಮೈದ ಬೆಂಗಳೂರಿನಲ್ಲಿ ಹಳೆಯ ಕ್ಯಾಮೆರಾ ಕೊಂಡು ಮಾರುವವನು. ಅವನ ಹತ್ತಿರ ಬಂದಿದ್ದ ಒಂದು ಜರ್ಮನಿ ಲೆನ್ಸನ್ನು ಎರಡು ದಿನದ ಮಟ್ಟಿಗೆ ಕೇಳಿ ತರುವುದು. ನಾನು ಚೀನಾದ್ದನ್ನು ಆನ್‌ಲೈನ್‌ನಲ್ಲಿ ತರಿಸುವುದು, ಬೇಡವೆಂದರೆ ಹತ್ತು ದಿನದೊಳಗೆ ವಾಪಸು ಕಳಿಸಬಹುದು. ಒಂದೇ ಜಾಗ, ಒಂದೇ ಹೊತ್ತು, ಒಂದೇ ಮುಖ. ಶನಿವಾರ ಜರ್ಮನಿ, ಭಾನುವಾರ ಚೀನಾ. ಒಂದೊಂದಕ್ಕೆ ಒಂದೊಂದು ರೀಲು. ಎರಡನ್ನೂ ತೊಳೆಸಿ ಪಕ್ಕಪಕ್ಕ ಇಟ್ಟು ನೋಡಿದರೆ ಜೀವ ಎಲ್ಲಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಶುಕ್ರವಾರ ಸಂಜೆ ಭಾಯಿ ಜರ್ಮನಿ ಲೆನ್ಸನ್ನು ಟಿಫನ್ ಕ್ಯಾರಿಯರ್‌ನಲ್ಲಿ ಇಟ್ಟುಕೊಂಡು ರೈಲಿನಲ್ಲಿ ತಂದ. ಒಳ್ಳೆಯ ಚೀಲದಲ್ಲಿ ತಂದರೆ ಕಳ್ಳರ ಕಣ್ಣು ಬೀಳುತ್ತದಂತೆ. ಮಧ್ಯದ ಡಬ್ಬಿಯಲ್ಲಿ ಮೃದುವಾದ ಬಟ್ಟೆ ಸುತ್ತಿಕೊಂಡು ಮಲಗಿದ್ದ ಲೆನ್ಸಿಗೆ ಸಣ್ಣಗೆ ಪುದೀನ ಚಟ್ನಿಯ ವಾಸನೆ ಬಂದಿತ್ತು. ಕೈಗೆ ತೆಗೆದುಕೊಂಡರೆ ಹಿತ್ತಾಳೆಯ ಭಾರ. ಬಳೆ ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ. ಗಾಜಿಗೆ ಬೆರಳು ತಾಗಿಸಬೇಡಿ, ಉಸಿರು ಬಿಡಬೇಡಿ, ಬಿಸಿಲಲ್ಲಿ ಇಡಬೇಡಿ ಎಂದು ಅವನು ಹತ್ತು ಸಲ ಹೇಳಿದ. ನಾನು ಅದನ್ನು ಹಸುಗೂಸಿನಂತೆ ಹಿಡಿದುಕೊಂಡೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವನು ನೇರ ಅವನ ಘಟಕಕ್ಕೆ ಹೋದೆ. ಬಿಸಿನೀರಿನ ತೊಟ್ಟಿಗಳ ಆವಿ, ಅದರೊಳಗೆ ಕುಣಿಯುವ ಗೂಡುಗಳು, ಮೇಲಕ್ಕೆ ಎಳೆದುಕೊಂಡು ಹೋಗುವ ಎಳೆಗಳು, ಕೆಲಸದ ಹೆಂಗಸರ ಕೈ, ಎಲ್ಲವನ್ನೂ ತೆಗೆದೆ. ಅಲ್ಲಿಂದ ಹೊರಬಂದು ಬೀದಿಯ ಕೊನೆಗೆ ಕಾಣುವ ಬಂಡೆಬೆಟ್ಟವನ್ನು ತೆಗೆದೆ. ಕಿಟಕಿಯಲ್ಲಿ ಎಲ್ಲವೂ ಅದೆಷ್ಟು ಸ್ವಚ್ಛವಾಗಿ ಕಾಣುತ್ತಿತ್ತೆಂದರೆ, ಚೀನಾ ಲೆನ್ಸಿನ ಡಬ್ಬಿಯನ್ನು ಬಿಚ್ಚುವ ಮೊದಲೇ ವಾಪಸು ಕಳಿಸಿಬಿಡಲೇ ಎನ್ನಿಸಿತು. ಆ ಕಿಟಕಿಗೂ ಲೆನ್ಸಿಗೂ ಏನೂ ಸಂಬಂಧವಿಲ್ಲ ಎಂಬುದು ಆ ಹೊತ್ತಿಗೆ ನನ್ನ ತಲೆಯಿಂದ ಪೂರ್ತಿ ಹೋಗಿತ್ತು.

ಮನೆಗೆ ಬಂದಾಗ ಅವ್ವ ಬಾಗಿಲ ಬೆಳಕಿನಲ್ಲಿ ಕುರ್ಚಿ ಹಾಕಿಸಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ತಯಾರಾಗಿ ಕೂತಿದ್ದಳು. ಚಿತ್ರ ತೆಗೆಸಿಕೊಳ್ಳಲು ಇಷ್ಟು ಉತ್ಸಾಹವೇ ಎಂದು ನನಗೆ ಆಶ್ಚರ್ಯವಾಯಿತು. ಎದುರಿಗೆ ಮಂಡಿಯೂರಿ ಕೂತು ಕಿಟಕಿಗೆ ಕಣ್ಣಿಟ್ಟೆ. ಅವ್ವ ಎರಡೂ ಕಣ್ಣನ್ನು ಸಾಧ್ಯವಾದಷ್ಟು ಅಗಲಕ್ಕೆ ತೆರೆದಳು.

"ಸಾಕಾ? ಇನ್ನೂ ಒಸಿ ಬಿಡ್ಲಾ?"

"ಸುಮ್ನೆ ಯಾವಾಗ್ಲೂ ಕೂರೋ ಹಂಗೆ ಕೂತ್ಕೋ ಅವ್ವ."

ಅವಳು ಕೇಳಲಿಲ್ಲ, ಗೂಬೆಯಂತೆ ನನ್ನನ್ನೇ ನೋಡುತ್ತಿದ್ದಳು. ಮುಖದ ಚಿತ್ರಕ್ಕೆ ಕಣ್ಣಿನ ಮೇಲೆಯೇ ಫೋಕಸ್ ಮಾಡಬೇಕು. ಹಳದಿ ಚೌಕದಲ್ಲಿ ಅವಳ ಬಲಗಣ್ಣು ಎರಡಾಗಿತ್ತು. ನಿಧಾನವಾಗಿ ಬಳೆ ತಿರುಗಿಸಿದೆ. ಎರಡು ಕಣ್ಣು ಹತ್ತಿರ ಬಂದು, ಒಂದರ ಮೇಲೊಂದು ಕೂತು, ಒಂದಾಯಿತು. ಆಗ ಆ ಕರಿಗುಡ್ಡೆಯ ನಡುವೆ ಹಾಲಿನ ತೊಟ್ಟಿನಷ್ಟು ಬೆಳ್ಳಗೆ ಕಂಡಿತು. ದಿನಾ ಅವಳ ಎದುರು ಕೂತು ಉಣ್ಣುತ್ತಿದ್ದೆ. ಆ ಬಿಳುಪನ್ನು ಅದುವರೆಗೆ ನೋಡಿರಲಿಲ್ಲ.

"ಅಳ್ತೆ ಸಿಕ್ತಾ ಮಗ?" ಎಂದಳು ಅವ್ವ.

"ಯಾವ ಅಳತೆ?"

"ನನ್ ಕಣ್ಣಿಂದು ಕಣಪ್ಪ. ಜರ್ಮನಿದು ಕುಂತ್ಕತದೋ ಇಲ್ವೋ ಅಂತ ತಾನೆ ನೀನು ನೋಡ್ತಿರಾದು?" ದನಿ ತಗ್ಗಿಸಿ, ಒಳಗೆ ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿಗೆ ಕೇಳದ ಹಾಗೆ ಮುಂದುವರಿಸಿದಳು. "ಅವ್ಳ ಜೊತೆ ಜಗ್ಳ ಆಡ್ಬೇಡ. ಚೀನಾದ್ದೇ ಹಾಕ್ಸು. ಜೀವ್ನಪೂರ್ತಿ ಬತ್ತದೆ ಅಂದ್ರೆ, ನನ್ ಜೀವ್ನ ಇನ್ನೆಷ್ಟ್ ಐತೆ."

ಕಿಟಕಿಯಿಂದ ಕಣ್ಣು ತೆಗೆದರೆ ಮುಖ ತೋರಿಸಬೇಕಾಗುತ್ತದೆ, ಅದಕ್ಕೆ ತೆಗೆಯದೆ ಮೂರು ಸಲ ಗುಂಡಿ ಒತ್ತಿದೆ. ಅಳತೆ ಸಿಕ್ಕಿತು ಎಂದೆ. ಅವಳು ಸಮಾಧಾನದಿಂದ ಕಣ್ಣು ಮುಚ್ಚಿ, ಉರಿಯುತ್ತಿದ್ದ ರೆಪ್ಪೆಗಳನ್ನು ಸೆರಗಿನಿಂದ ಒರೆಸಿಕೊಂಡಳು.

ಆ ರಾತ್ರಿ ರೀಲು ಬದಲಿಸಿಟ್ಟು ಊಟಕ್ಕೆ ಕೂತಾಗ ಹೆಂಡತಿಯ ತವರಿನಿಂದ ಫೋನ್ ಬಂತು. ಮಾತು ಮುಗಿಸಿ ಬಂದವಳು ನನ್ನ ತಟ್ಟೆಗೆ ಮುದ್ದೆಯನ್ನು ಇಡಲಿಲ್ಲ, ಎಸೆದಳು. ಅವ್ವ ತನ್ನ ಲೆನ್ಸಿನ ಸಂಗತಿಯನ್ನು ಕೋಡಿಹಳ್ಳಿಯಲ್ಲಿರುವ ತನ್ನ ತಂಗಿಗೆ ಹೇಳಿದ್ದಾಳೆ. ಚಿಕ್ಕವ್ವ ಅದನ್ನು ವಿರೂಪಾಕ್ಷಿಪುರಕ್ಕೆ ಮುಟ್ಟಿಸಿದ್ದಾಳೆ. ಅಲ್ಲಿಂದ ಅದು ಮಾಗಡಿಯಲ್ಲಿರುವ ನನ್ನ ಅತ್ತೆಯ ಮನೆಗೆ ಹೋಗಿದೆ. ಅಲ್ಲಿಗೆ ತಲುಪುವಾಗ ಕಥೆ ಹೀಗಾಗಿತ್ತು: ಮಗ ತಾಯಿಯ ಕಣ್ಣಿಗೆ ಜರ್ಮನಿಯಿಂದ ಲೆನ್ಸ್ ತರಿಸಲು ಬೆಂಗಳೂರಿಗೆ ಆಳು ಕಳಿಸಿದ್ದಾನೆ, ಸೊಸೆ ಮಾತ್ರ ಮುದುಕಿಗೆ ಚೀನಾದ ಮಾಲು ಸಾಕು ಎಂದು ಪಟ್ಟು ಹಿಡಿದು ಕೂತಿದ್ದಾಳೆ. ಹೆಂಡತಿಯ ತಾಯಿ ಫೋನಿನಲ್ಲಿ ಅತ್ತಿದ್ದಳಂತೆ, ಇಂಥ ಬುದ್ಧಿಯನ್ನು ನಾನು ನಿನಗೆ ಕಲಿಸಿದ್ದೆನೇ ಎಂದು.

ಬೆಳಿಗ್ಗೆ ಎಲ್ಲರಿಗೂ ಫೋನ್ ಮಾಡಿ ಸರಿಮಾಡುತ್ತೇನೆ ಎಂದೆ. ಅದಕ್ಕೆ ಅವಕಾಶ ಸಿಗಲಿಲ್ಲ. ಭಾನುವಾರ ಮೊದಲ ಬಸ್ಸಿಗೇ ಕೋಡಿಹಳ್ಳಿಯಿಂದ ಚಿಕ್ಕವ್ವ ಬಂದಿಳಿದಳು. ಒಂದು ಕೈಯಲ್ಲಿ ಹುರುಳಿಯ ಗಂಟು, ಇನ್ನೊಂದು ಕೈಯಲ್ಲಿ ಕಾಲು ಕಟ್ಟಿದ ನಾಟಿ ಕೋಳಿ. ಜಗಳಕ್ಕೆ ಬರುವವಳು ಕೋಳಿ ಯಾಕೆ ತಂದಳು ಎಂದು ಆಮೇಲೆ ಕೇಳಿದರೆ, ಜಗಳ ಆದ ಮೇಲೆ ಊಟ ಮಾಡಬೇಡವೇ ಎಂದಳು. ಕಾಫಿ ಕುಡಿಯುವವರೆಗೂ ಸುಮ್ಮನಿದ್ದು, ಲೋಟ ಕೆಳಗಿಟ್ಟು, ನನ್ನ ಹೆಂಡತಿಯನ್ನು ನೋಡಿ ಶುರು ಮಾಡಿದಳು. ಈಗ ಹಾಸ್ಟೆಲಿನಲ್ಲಿರುವ ನಿನ್ನ ಇಬ್ಬರು ಮಕ್ಕಳ ಬಾಣಂತನವನ್ನು ನಮ್ಮಕ್ಕನೇ ಮಾಡಿದ್ದಾಳೆ, ನೀನು ಅಂಗನವಾಡಿಗೆ ಹೋದಾಗ ಆ ಮಕ್ಕಳನ್ನು ಸೊಂಟದಿಂದ ಇಳಿಸಿಲ್ಲ, ಅಂಥವಳ ಕಣ್ಣಿನಲ್ಲಿ ದುಡ್ಡು ಉಳಿಸಿ ಏನು ಮಾಡುತ್ತೀಯೆ ಎಂದು.

ಹೆಂಡತಿ ಎದ್ದು ಒಳಗೆ ಹೋದಳು. ನನ್ನ ಡ್ರಾಯಿಂಗ್ ಪುಸ್ತಕವನ್ನೂ ಕ್ಯಾಮೆರಾವನ್ನೂ ತಂದು ಚಿಕ್ಕವ್ವನ ಎದುರು ಚಾಪೆಯ ಮೇಲಿಟ್ಟಳು. ಪುಸ್ತಕದೊಳಗಿನ ಚೀಟಿಯನ್ನು ಎಳೆದು ಅದರ ಪಕ್ಕಕ್ಕಿಟ್ಟಳು.

"ಚಿಕ್ಕಮ್ಮ, ಲೆನ್ಸ್ ಎರಡು. ಈ ಚೀಟೀಲಿರೋದು ಅತ್ತೆ ಕಣ್ಣಿಂದು. ಇದನ್ನ ಕೊಟ್ಟು ಎರಡು ತಿಂಗಳಾಯ್ತು. ಜರ್ಮನಿ ಚೀನಾ ಅಂತ ಇವ್ರು ದಿನಾ ಒದರ್ತಿದ್ದಿದ್ದು ಈ ಡಬ್ಬದ್ದು."

ಕೋಳಿ ಮೂಲೆಯಲ್ಲಿ ಸಣ್ಣಗೆ ಗೊಣಗುತ್ತಿತ್ತು. ಚಿಕ್ಕವ್ವ ಕ್ಯಾಮೆರಾವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ. ಆಮೇಲೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಅವ್ವ ಅಳುತ್ತಾಳೋ ಬೈಯುತ್ತಾಳೋ ಎಂದು ಕಾಯುತ್ತಿದ್ದೆ. ಅವಳು ಬಹಳ ಯೋಚಿಸಿ ಕೇಳಿದ್ದು ಒಂದೇ ಮಾತು.

"ಹಂಗಾರೆ ನಿನ್ನೆ ನಾನು ಅಷ್ಟೊತ್ತು ಕಣ್ಣು ಬುಟ್ಕಂಡು ಕುಂತಿದ್ದು ಯಾತಕ್ಲಾ?"

ಮೊದಲು ನಕ್ಕವಳು ನನ್ನ ಹೆಂಡತಿ. ತಡೆದುಕೊಳ್ಳಲು ಸೆರಗನ್ನು ಬಾಯಿಗಿಟ್ಟುಕೊಂಡಳು, ಆಗಲಿಲ್ಲ. ಚಿಕ್ಕವ್ವನಿಗೆ ನಗು ಬಂದರೆ ಕೆಮ್ಮು ಬರುತ್ತದೆ, ಅವಳು ಕೆಮ್ಮುತ್ತ ಅವ್ವನ ಹೆಗಲಿಗೆ ಬಿದ್ದಳು. ಇವರು ಯಾಕೆ ನಗುತ್ತಿದ್ದಾರೆ ಎಂದು ಪೂರ್ತಿ ತಿಳಿಯದೆಯೇ ಅವ್ವನೂ ನಕ್ಕಳು. ನನಗೆ ಅಳು ಬರುವಂತಾಗಿತ್ತು. ಏನು ಮಾಡಲೂ ತೋಚದೆ ಚೀನಾ ಲೆನ್ಸನ್ನು ಕ್ಯಾಮೆರಾಕ್ಕೆ ತಿರುಪಿ ಅಕ್ಕತಂಗಿಯರ ಚಿತ್ರ ತೆಗೆದೆ. ಆಮೇಲೆ ಹೆಂಡತಿಯ ಮುಂದೆ ಹೋಗಿ, ನಾಳೆಯೇ ರಜೆ ಹಾಕಿ ಆಸ್ಪತ್ರೆಗೆ ಹೋಗೋಣ ಎಂದೆ. ಅದನ್ನು ನೀವು ಹೇಳಬೇಕಾಗಿರುವುದು ನನಗಲ್ಲ ಎಂದಳು. ಹೋಗಿ ಅವ್ವನಿಗೆ ಹೇಳಿದೆ.

ಮಧ್ಯಾಹ್ನ ಕೋಳಿಸಾರಿನ ಊಟವಾದ ಮೇಲೆ, ಒಪ್ಪಿಕೊಂಡ ಕೆಲಸ ಮುಗಿಸಬೇಕಲ್ಲ ಎಂದು, ಚೀನಾ ಲೆನ್ಸಿನೊಂದಿಗೆ ಘಟಕಕ್ಕೂ ಬೆಟ್ಟದ ಕಡೆಗೂ ಹೋಗಿ ಬಂದೆ. ಅದನ್ನು ಹಸುಗೂಸಿನಂತೆ ಹಿಡಿಯುವ ಆಸಕ್ತಿ ಉಳಿದಿರಲಿಲ್ಲ. ಘಟಕದಲ್ಲಿ ಅದರ ಮುಚ್ಚಳ ಜೇಬಿನಿಂದ ಜಾರಿ ಬಿಸಿನೀರಿನ ತೊಟ್ಟಿಗೆ ಬಿತ್ತು. ಕೆಲಸದ ಹೆಂಗಸೊಬ್ಬಳು ಸೌಟಿನಲ್ಲಿ ಹುಡುಕಿ, ಗೂಡಿನ ಹುಳುಗಳ ಜೊತೆ ಎತ್ತಿ ತೋರಿಸಿದಳು. ನನಗೆ ಬೇಡವೆನಿಸಿತು. ಭಾಯಿ ಜರ್ಮನಿ ಲೆನ್ಸನ್ನು ಮತ್ತೆ ಟಿಫನ್ ಕ್ಯಾರಿಯರ್‌ಗೆ ಹಾಕಿಕೊಂಡು ಬೆಂಗಳೂರಿಗೆ ಹೋದ. ಎರಡು ರೀಲನ್ನೂ ತೊಳೆಸಲು ಅವನ ಕೈಯಲ್ಲೇ ಕಳಿಸಿದೆ.

ಸೋಮವಾರ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ನೋಡಿ, ಮೊದಲು ಬಲಗಣ್ಣು ಮಾಡೋಣ, ಯಾವ ಲೆನ್ಸ್ ಎಂಬುದನ್ನು ಹೊರಗೆ ಮಾತಾಡಿ ಎಂದು ಕಳಿಸಿದರು. ಹೊರಗೆ ಒಂದು ಮೇಜು, ಅದರ ಹಿಂದೆ ಒಬ್ಬ ಹುಡುಗಿ, ಅವಳ ಮುಂದೆ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೂರು ಮಾದರಿ ಲೆನ್ಸು. ಮೀನಿನ ಪೊರೆಯಷ್ಟು ತೆಳುವಾದವು. ಇದು ನಮ್ಮ ದೇಶದ್ದು, ಇದು ಸ್ವಲ್ಪ ಮೇಲಿನದು, ಇದು ಹೊರದೇಶದ್ದು ಎಂದು ಅವಳು ಶುರು ಮಾಡಿದಳು. ಲೇಪನ, ಅಂಚು, ಹತ್ತಿರ ದೂರ, ಬೆಳಕು ಹರಡುವುದು. ಆರು ತಿಂಗಳು ನಾನು ಓದಿದ್ದ ಮಾತುಗಳೇ ಅವಳ ಬಾಯಲ್ಲಿ ಬರುತ್ತಿದ್ದವು. ನನಗೆ ಮೈದುಂಬಿತು. ಲೇಪನ ಎಷ್ಟು ಪದರ, ಅಂಚಿನಲ್ಲಿ ಬಣ್ಣ ಬಿಡುತ್ತದೆಯೇ, ಎದುರು ಬೆಳಕಿಗೆ ಹೇಗೆ ತಡೆದುಕೊಳ್ಳುತ್ತದೆ ಎಂದೆಲ್ಲ ಕೇಳಿದೆ. ಹುಡುಗಿ ಸ್ವಲ್ಪ ಹೆದರಿ, ಸಾರ್ ಕಣ್ಣಿನ ಡಾಕ್ಟರಾ ಎಂದು ನನ್ನ ಹೆಂಡತಿಯನ್ನು ಕೇಳಿದಳು. ಡ್ರಾಯಿಂಗ್ ಮೇಷ್ಟ್ರು ಎಂದು ಹೆಂಡತಿ ಹೇಳಿದಳು.

ನಾನು ಹೊರದೇಶದ್ದೇ ಆಗಲಿ ಎಂದೆ. ಎರಡು ತಿಂಗಳ ಮರೆವಿಗೆ ಅಷ್ಟಾದರೂ ಮಾಡಬೇಕು ಎಂಬ ಹಟ ಅದು. ಹುಡುಗಿ ನನ್ನನ್ನು ಮತ್ತೆ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಡಾಕ್ಟರ್ ತಾಳ್ಮೆಯಿಂದ ಹೇಳಿದರು: ಅಮ್ಮನ ಕಣ್ಣಿನ ಸ್ಥಿತಿಗೆ ಅದು ಅಷ್ಟು ಹೊಂದುವುದಿಲ್ಲ, ಕತ್ತಲಾದ ಮೇಲೆ ದೀಪದ ಸುತ್ತ ಬಳೆಬಳೆಯಾಗಿ ಕಂಡು ಹಿಂಸೆಯಾಗಬಹುದು, ಉಳಿದೆರಡರಲ್ಲಿ ಯಾವುದಾದರೂ ಸರಿ. ಯಾವುದು ಎಂದು ನಾನು ಮತ್ತೆ ತೊಳಲಾಡಲು ಶುರು ಮಾಡಿದಾಗ ಅವ್ವ ಬಾಯಿ ಹಾಕಿದಳು.

"ಡಾಕ್ಟ್ರಪ್ಪ, ನೀವು ಜಾಸ್ತಿ ಜನಕ್ಕೆ ಯಾವ್ದು ಹಾಕೀರಿ?"

ಡಾಕ್ಟರ್ ನಮ್ಮ ದೇಶದ ಲೆನ್ಸನ್ನು ತೋರಿಸಿದರು.

"ನಂಗೂ ಅದನ್ನೇ ಹಾಕಿ. ಊರೆಲ್ಲ ಬಿತ್ತಿರೋ ಬೀಜ ಮೋಸ ಮಾಡಕ್ಕಿಲ್ಲ. ಒಬ್ಬನೇ ಬಿತ್ತಿರೋನು ಏನ್ ಬೆಳ್ದ ಅಂತ ಯಾರ್ ನೋಡೋರು?"

ಆರು ತಿಂಗಳಲ್ಲಿ ನನ್ನಿಂದ ಆಗದ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು. ಅದೇ ವಾರ ಆಪರೇಷನ್ ಆಯಿತು.

ಮಾರನೆಯ ದಿನ ಪಟ್ಟಿ ಬಿಚ್ಚಿದಾಗ ಅವಳು ಏನು ಹೇಳುತ್ತಾಳೋ ಎಂದು ನಾವಿಬ್ಬರೂ ಕಾತರದಿಂದ ಎದುರು ನಿಂತಿದ್ದೆವು. ಮೊದಲು ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿ, ಯಾಕವ್ವ ಇಷ್ಟು ಸೊರಗಿದ್ದೀಯೆ ಎಂದು ಅವಳ ಗಲ್ಲ ಮುಟ್ಟಿದಳು. ಹೆಂಡತಿ ಆ ಕೈಯನ್ನು ಹಾಗೇ ಹಿಡಿದುಕೊಂಡಳು. ಆಮೇಲೆ ಅವ್ವ ನನ್ನ ಕಡೆ ತಿರುಗಿ, ತಲೆ ಯಾವಾಗ ಬೋಳಾಯಿತು ಎಂದು ಕೇಳಿದಳು. ಮನೆಗೆ ಬಂದ ಮೇಲೆ ಇನ್ನೂ ಕಷ್ಟವಾಯಿತು. ಐದು ವರ್ಷದಿಂದ ಬಿಳಿ ಎಂದು ಹೊಗಳುತ್ತಿದ್ದ ಗೋಡೆ ತಿಳಿಹಸಿರು ಎಂಬುದು ಗೊತ್ತಾಗಿ ನಮ್ಮ ಮೇಲೆ ಕೋಪ ಮಾಡಿಕೊಂಡಳು. ಜಂತಿಯ ಮೂಲೆಯ ಬಲೆ, ಪಾತ್ರೆಯ ತಳದ ಮಸಿ, ನೀರಿನ ಡ್ರಮ್ಮಿನ ಅಂಚಿನ ಪಾಚಿ, ಒಂದೊಂದನ್ನೂ ಕರೆದು ಕರೆದು ತೋರಿಸಿದಳು. ಒಂದು ವಾರ ನಾನೂ ಹೆಂಡತಿಯೂ ಕೆಲಸದಿಂದ ಬಂದವರೇ ಪೊರಕೆ ಹಿಡಿದೆವು. ಒಂದೇ ಕಣ್ಣಿಗೆ ಹೀಗಾದರೆ ಎರಡೂ ಆದ ಮೇಲೆ ಗತಿಯೇನು ಎಂದು ಹೆಂಡತಿ ಪಿಸುಗುಟ್ಟಿದಳು.

ಆ ವಾರವೇ ಬೆಂಗಳೂರಿನಿಂದ ಫೋನ್ ಬಂತು. ರೀಲು ತೊಳೆಯುವವರು ಬಹಳ ಮೃದುವಾಗಿ ಮಾತಾಡಿದರು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳುವವರ ಹಾಗೆ. ಎರಡನೇ ರೀಲಿನಲ್ಲಿ ಚಿತ್ರಗಳು ಬಂದಿವೆ, ಮೊದಲನೆಯದರಲ್ಲಿ ಏನೂ ಇಲ್ಲ, ಕ್ಯಾಮೆರಾ ಸರಿಯಾಗಿದೆಯೇ, ಅಥವಾ, ಬೇಜಾರು ಮಾಡಿಕೊಳ್ಳಬೇಡಿ, ಮುಚ್ಚಳ ತೆಗೆದಿದ್ದಿರಾ ಎಂದರು.

ನಾನು ಕಣ್ಣು ಮುಚ್ಚಿ ಶನಿವಾರವನ್ನೆಲ್ಲ ನೆನಪಿಸಿಕೊಂಡೆ. ಗಾಜಿಗೆ ಬೆರಳು ತಾಗಬಾರದು ಎಂದು ಬಳೆಯನ್ನಷ್ಟೇ ಹಿಡಿದಿದ್ದೆ. ಕಿಟಕಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಜರ್ಮನಿಯ ಆ ಕಪ್ಪು ಮುಚ್ಚಳ ಲೆನ್ಸಿನ ಮೈಯ ಬಣ್ಣದ್ದೇ, ಅಚ್ಚುಕಟ್ಟಾಗಿ ಕೂರುವಂಥದು. ಅದನ್ನು ತೆಗೆದ ನೆನಪು ಎಲ್ಲೂ ಸಿಗಲಿಲ್ಲ. ಚೀನಾದ್ದರ ಮುಚ್ಚಳ ಮನೆಯಲ್ಲಿ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೆ, ಘಟಕದಲ್ಲಿ ತೊಟ್ಟಿ ಪಾಲಾಯಿತು, ಅದೇ ಎರಡನೇ ರೀಲನ್ನು ಉಳಿಸಿತ್ತು. ಇಡೀ ಮಧ್ಯಾಹ್ನ ನಾನು ಎರಡು ಸ್ಕೂಟರಿನ ಬೆಲೆಯ ಗಾಜಿನ ಹಿಂದೆ ಕತ್ತಲೆಯ ಮೂವತ್ತಾರು ಚಿತ್ರ ತೆಗೆದಿದ್ದೆ.

ಈ ಸಂಗತಿಯನ್ನು ಭಾಯಿಗೊಬ್ಬನಿಗೇ ಹೇಳಿದೆ. ಅವನು ಆ ಖಾಲಿ ರೀಲನ್ನು ತರಿಸಿ ಕಿಟಕಿಯ ಬೆಳಕಿಗೆ ಹಿಡಿದು, ಎಳೆ ಪರೀಕ್ಷಿಸುವಷ್ಟೇ ಗಂಭೀರವಾಗಿ ತುದಿಯಿಂದ ತುದಿಗೆ ನೋಡಿದ.

"ಜರ್ಮನಿದು ಜರ್ಮನಿದೇ ಮೇಷ್ಟ್ರೇ. ಕತ್ಲೇನ ಎಷ್ಟ್ ನೀಟಾಗಿ ತೆಗ್ದೈತೆ ನೋಡಿ. ಒಂದ್ ಚುಕ್ಕೆ ಇಲ್ಲ."

ಎರಡು ದಿನದಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ನನ್ನ ಗುರುತಿದ್ದವರೆಲ್ಲ ಮುಚ್ಚಳ ತೆಗೆದಿರಾ ಮೇಷ್ಟ್ರೇ ಎಂದು ಕುಶಲ ವಿಚಾರಿಸತೊಡಗಿದರು.

ಚೀನಾ ಲೆನ್ಸನ್ನು ವಾಪಸು ಕಳಿಸುವ ಹತ್ತು ದಿನ ಆಸ್ಪತ್ರೆಯ ಓಡಾಟದಲ್ಲಿ ಕಳೆದುಹೋಗಿತ್ತು. ಹಾಗಾಗಿ ಅದು ನನ್ನ ಬಳಿಯೇ ಉಳಿಯಿತು. ಆರಿಸಿದೆ ಎಂದು ಹೇಳಲಾರೆ. ಬಂದಿದ್ದ ಚಿತ್ರಗಳಲ್ಲಿ ಒಂದು, ಅವ್ವ ಮತ್ತು ಚಿಕ್ಕವ್ವ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿರುವುದು. ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವ್ವನ ಕೈಗೆ ಕೊಟ್ಟೆ. ಚಿಕ್ಕವ್ವನಿಗೆ ಇಷ್ಟು ಹಲ್ಲು ಉದುರಿದ್ದು ಗೊತ್ತೇ ಇರಲಿಲ್ಲ ಎಂದು ಮರುಗಿದಳು. ಮತ್ತೆ ಹೊಸ ಕಣ್ಣಿನ ಹತ್ತಿರ ಹಿಡಿದು ನಾಲ್ಕೂ ಅಂಚನ್ನು ನೋಡಿದಳು.

"ಮೂಲೇಲೆಲ್ಲ ಮಂಜ್ ಮಂಜಾಗೈತೆ. ನಿನ್ ಲೆನ್ಸ್‌ಗೂ ಪೊರೆ ಬಂದೈತಾ?"

ಅದು ನಿಜ. ಆ ಲೆನ್ಸಿನ ಅಂಚು ಸ್ವಲ್ಪ ಮೆತ್ತಗೆ ಎಂದು ಬಲಗಡೆಯ ಪಟ್ಟಿಯಲ್ಲಿ ನಾನೇ ಬರೆದಿದ್ದೆ. ಅದು ಇರುವುದೇ ಹಾಗೆ ಅಂದೆ. ಇರಲಿ ಬಿಡು, ಮುಖ ಚೆನ್ನಾಗಿ ಬಂದಿದೆಯಲ್ಲ ಎಂದು ಚಿತ್ರವನ್ನು ತನ್ನ ಟ್ರಂಕಿಗೆ ಹಾಕಿಕೊಂಡಳು.

ಎರಡು ತಿಂಗಳ ಮೇಲೆ ಎಡಗಣ್ಣಿನ ಆಪರೇಷನ್ನೂ ಆಯಿತು. ಡಾಕ್ಟರ್ ಓಡಾಡಬಹುದು ಎಂದ ಮೇಲೆ ಒಂದು ಸಂಜೆ ಅವ್ವ ನನ್ನ ಜೊತೆ ಭಾಯಿಯ ಘಟಕಕ್ಕೆ ಬಂದಳು. ಇಷ್ಟು ವರ್ಷ ಅದೇ ಬೀದಿಯಲ್ಲಿದ್ದೂ ಒಳಗೆ ಕಾಲಿಟ್ಟಿರಲಿಲ್ಲ. ಭಾಯಿ ಕುರ್ಚಿ ಹಾಕಿಸಿ, ಚಹಾ ತರಿಸಿ, ಮಾರಾಟಕ್ಕೆ ಕಟ್ಟಿಟ್ಟಿದ್ದ ಹೊಸ ನೂಲಿನ ಒಂದು ಲಡಿಯನ್ನು ಅವಳ ತೊಡೆಯ ಮೇಲಿಟ್ಟ, ನೋಡಿ ಅಮ್ಮ ನಮ್ಮ ಮಾಲು ಎಂದು. ಅವ್ವ ಅದನ್ನು ಬೆಳಕಿಗೆ ಎತ್ತಿ, ಬೆರಳಿನಿಂದ ಬಿಡಿಸುತ್ತ ನೋಡಿದಳು. ಇಲ್ಲೊಂದು ಗಂಟಿದೆ ಎಂದಳು. ಭಾಯಿ ನಕ್ಕು, ಇರಲಾರದು ಎಂದು ಬಗ್ಗಿ ನೋಡಿದ. ಇತ್ತು. ಇಲ್ಲಿ ಎಳೆ ದಪ್ಪವಾಗಿದೆ ಎಂದಳು. ಅದೂ ನಿಜವಾಗಿತ್ತು. ತೊಟ್ಟಿಯ ಬಳಿ ಕೆಲಸ ಮಾಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಮೂರನೆಯದನ್ನು ತೋರಿಸುವ ಹೊತ್ತಿಗೆ ಭಾಯಿ ಲಡಿಯನ್ನು ಮೆಲ್ಲಗೆ ಅವಳ ಕೈಯಿಂದ ಬಿಡಿಸಿಕೊಂಡ. ನಮ್ಮಲ್ಲೇ ಕೆಲಸಕ್ಕೆ ಬಂದುಬಿಡಿ ಅಮ್ಮ, ವಾರಕ್ಕೆ ಎರಡು ದಿನ ಬಂದು ಮಾಲು ನೋಡಿದರೆ ಸಾಕು ಎಂದ. ತಮಾಷೆಗೆ ಹೇಳಿದ ಮಾತು. ನಾವೆಲ್ಲ ನಕ್ಕೆವು.

ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಗೇಟಿನ ಹತ್ತಿರ ನಿಂತಿದ್ದಳು. ಮೊದಲ ದಿನವೇ ತಡವಾಗಿ ಹೋಗಬಾರದು, ಬಿರಬಿರನೆ ನಡಿ ಎಂದಳು. ಘಟಕದ ಬಾಗಿಲಲ್ಲಿ ನಮ್ಮನ್ನು ಕಂಡ ಭಾಯಿ ಒಂದು ಗಳಿಗೆ 'ಏನು' ಎನ್ನುವಂತೆ ನನ್ನ ಮುಖ ನೋಡಿದ. ಆಮೇಲೆ ಡಬ್ಬಿ ನೋಡಿದ. ಒಳಗೆ ಹೋಗಿ, ಕಿಟಕಿಯ ಬೆಳಕು ಚೆನ್ನಾಗಿ ಬೀಳುವ ಜಾಗದಲ್ಲಿ ಕುರ್ಚಿ ಹಾಕಿ, ಅದರ ಮೇಲಿನ ಧೂಳನ್ನು ಟವಲಿನಿಂದ ಎರಡು ಸಲ ಹೊಡೆದ.